ಪುಟ್ಟ ಅಂಬಾಸಿಡರ್‌ನ ಬಾನೆಟ್ ಒಳಗಿರುವುದು ‘ಪಕ್ಕಾ ಒರಿಜಿನಲ್’ ಎಂಜಿನ್ನೇ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ನೋಡಿ

ಅಂಗೈ ಮೇಲೆ ಒಂದು ಬಿಳಿ ಅಂಬಾಸಿಡರ್. ಬೆರಳ ತುದಿಯಿಂದ ಬಾನೆಟ್ ಎತ್ತಿದರೆ ಒಳಗೆ ಎಂಜಿನ್, ರೇಡಿಯೇಟರ್, ವೈರು, ಪೈಪು. ಹಿನ್ನೆಲೆಯಲ್ಲಿ ಗಾಡಿ ಸ್ಟಾರ್ಟ್ ಆಗುವ ಸದ್ದು. ಕೆಳಗೆ ಬರಹ: ನಿಜವಾದ ಎಂಜಿನ್ನಿನ ಪಕ್ಕಾ ನಕಲು, ಪ್ರತಿ ಭಾಗವೂ 24 ಪಟ್ಟು ಚಿಕ್ಕದು, ಪೆಟ್ರೋಲ್ ಹಾಕಿದರೆ ಓಡುತ್ತದೆ, ಎಲ್ಲರಿಗೂ ಶೇರ್ ಮಾಡಿ. ಈ ಬಗೆಯ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತಲೇ ಇರುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಅಪ್ಪನೋ ಅಜ್ಜನೋ ಅಂಬಾಸಿಡರ್ ಬಾಡಿಗೆ ಓಡಿಸಿದ ಮನೆಗಳಲ್ಲಿ ಇಂಥದ್ದು ಬಂದರೆ ಕೂಡಲೇ ಮುಂದಕ್ಕೆ ಹೋಗುತ್ತದೆ. ಕೆಲವರು ಬೆಲೆ ಕೇಳುತ್ತಾರೆ, ಮುಂಗಡ ಹಣವನ್ನೂ ಕಳಿಸುತ್ತಾರೆ.

ಇದರಲ್ಲಿ ಎಷ್ಟು ನಿಜ?

ಚಿಕ್ಕ ಉತ್ತರ: 24 ಪಟ್ಟು ಚಿಕ್ಕದಾದ ಅಂಬಾಸಿಡರ್ ಎಂಜಿನ್ ಪೆಟ್ರೋಲಿನಲ್ಲಿ ಓಡುವುದಿಲ್ಲ. ‘ಪ್ರತಿ ಭಾಗವೂ’ ಸರಿಯಾದ ಅಳತೆಯಲ್ಲಿ ಇರುವುದೂ ಸಾಧ್ಯವಿಲ್ಲ. ಆದರೆ ನೋಡುವುದಕ್ಕೆ ನಿಜವಾದ ಎಂಜಿನ್ನಿನಂತೆಯೇ ಕಾಣುವ ಮಾದರಿಯನ್ನು ಮಾಡಬಹುದು. ಅದಕ್ಕೆ ದುಬಾರಿ ಕಿಟ್‌ಗಿಂತ ಹೆಚ್ಚಾಗಿ ಬೇಕಾಗುವುದು ಒಂದು ಪ್ರಶ್ನೆ: ಯಾವ ವರ್ಷದ, ಯಾವ ಗಾಡಿಯ ಎಂಜಿನ್? ‘ಅಂಬಾಸಿಡರ್ ಎಂಜಿನ್’ ಎಂಬ ಒಂದೇ ಎಂಜಿನ್ ಯಾವತ್ತೂ ಇರಲಿಲ್ಲ.

24ರಿಂದ ಭಾಗಿಸಿದರೆ ಏನಾಗುತ್ತದೆ?

ಮಾದರಿ ಕಾರಿನ ಡಬ್ಬಿಯ ಮೇಲೆ 1:18, 1:24, 1:43 ಎಂದು ಬರೆದಿರುತ್ತಾರೆ. ಇದು ಉದ್ದದ ಲೆಕ್ಕ. ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ. 1:24ರಲ್ಲಿ ಅದು 18 ಸೆಂ.ಮೀ., ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ.

ಉದ್ದ 24 ಪಟ್ಟು ಇಳಿದರೆ ಮೇಲ್ಮೈ 24×24, ಅಂದರೆ 576 ಪಟ್ಟು ಇಳಿಯುತ್ತದೆ. ಒಳಗಿನ ಜಾಗ 24×24×24, ಅಂದರೆ 13,824 ಪಟ್ಟು ಇಳಿಯುತ್ತದೆ. ಫಾರ್ವರ್ಡ್ ಬರೆದವರು ಮರೆತಿರುವುದು ಈ ಮೂರನೆಯ ಲೆಕ್ಕವನ್ನೇ.

ಅಂಬಾಸಿಡರ್‌ನಲ್ಲಿ ಬಹುಕಾಲ ಇದ್ದ ಪೆಟ್ರೋಲ್ ಎಂಜಿನ್ 1489 ಸಿಸಿಯದು. ಅದನ್ನು 13,824ರಿಂದ ಭಾಗಿಸಿ: 0.108 ಸಿಸಿ. ಅದರಲ್ಲಿ ನಾಲ್ಕು ಸಿಲಿಂಡರ್, ಒಂದೊಂದಕ್ಕೆ 0.027 ಸಿಸಿ. ಕಣ್ಣಿಗೆ ಹಾಕುವ ಔಷಧದ ಡ್ರಾಪರ್‌ನಿಂದ ಬೀಳುವ ಒಂದು ಹನಿ ಸುಮಾರು 0.05 ಸಿಸಿ ಎಂದು ಹಿಡಿಯಿರಿ. ಒಂದು ಸಿಲಿಂಡರ್ ಅರ್ಧ ಹನಿಯಷ್ಟು. ಅದರೊಳಗೆ ಗಾಳಿ ಮತ್ತು ಪೆಟ್ರೋಲ್ ಸರಿಯಾದ ಪ್ರಮಾಣದಲ್ಲಿ ಬರಬೇಕು, ಒತ್ತಬೇಕು, ಕಿಡಿ ಹೊತ್ತಬೇಕು, ಹೊಗೆ ಹೊರಗೆ ಹೋಗಬೇಕು, ಅದೂ ನಿಮಿಷಕ್ಕೆ ನೂರಾರು ಬಾರಿ.

ಜಾಗ ಚಿಕ್ಕದಾಗುವುದಕ್ಕಿಂತ ದೊಡ್ಡ ತೊಡಕು ಶಾಖದ್ದು. ಜಾಗ 13,824 ಪಟ್ಟು ಕುಗ್ಗಿದಾಗ ಗೋಡೆ 576 ಪಟ್ಟು ಮಾತ್ರ ಕುಗ್ಗುತ್ತದೆ. ಅಂದರೆ ಒಳಗಿರುವ ಬೆಂಕಿಯ ಪಾಲಿಗೆ ಸುತ್ತಲಿನ ತಣ್ಣನೆಯ ಲೋಹ 24 ಪಟ್ಟು ಹೆಚ್ಚಾಯಿತು. ಬಿಸಿ ಅನ್ನವನ್ನು ಪಾತ್ರೆಯಲ್ಲೇ ಬಿಟ್ಟರೆ ಗಂಟೆಗಟ್ಟಲೆ ಬಿಸಿ ಇರುತ್ತದೆ, ಒಂದು ತುತ್ತನ್ನು ತಟ್ಟೆಯ ಮೇಲೆ ಹರಡಿದರೆ ಕ್ಷಣದಲ್ಲಿ ಆರುತ್ತದೆ. ಅದೇ ಕಥೆ. ಜ್ವಾಲೆ ತಣ್ಣನೆಯ ಲೋಹದ ಬಹಳ ಹತ್ತಿರ ಬಂದರೆ ನಂದಿಹೋಗುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿ ಕಾರ್ಮಿಕರಿಗಾಗಿ ಮಾಡಿದ ದೀಪ ಕೆಲಸ ಮಾಡಿದ್ದು ಇದೇ ತತ್ವದ ಮೇಲೆ: ಲೋಹದ ಜಾಲರಿಯ ಸಣ್ಣ ಕಿಂಡಿಗಳನ್ನು ದಾಟಿ ಬೆಂಕಿ ಹೊರಬರಲಾರದು. 24 ಪಟ್ಟು ಚಿಕ್ಕದಾದ ಅಂಬಾಸಿಡರ್ ಸಿಲಿಂಡರ್‌ನ ವ್ಯಾಸ 3 ಮಿ.ಮೀ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗದ ಎತ್ತರ 1 ಮಿ.ಮೀ. ಕೂಡ ಇಲ್ಲ. ಅಲ್ಲಿ ಪೆಟ್ರೋಲಿನ ಕಿಡಿ ಹೊತ್ತುವ ಮೊದಲೇ ಆರುತ್ತದೆ.

ಹಾಗಾದರೆ ಪುಟ್ಟ ಎಂಜಿನ್‌ಗಳು ಇಲ್ಲವೇ? ಇವೆ. ಮಾದರಿ ವಿಮಾನಗಳಿಗಾಗಿ ಅಮೆರಿಕದ ಕಾಕ್ಸ್ ಕಂಪನಿ 1960ರ ದಶಕದಲ್ಲಿ ಸುಮಾರು 0.16 ಸಿಸಿಯ ಎಂಜಿನ್ ಮಾರಿತ್ತು. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಎಂಜಿನ್‌ಗಳ ಪೈಕಿ ಅದು ಅತಿ ಚಿಕ್ಕವುಗಳಲ್ಲಿ ಒಂದು. ಆದರೆ ಅದಕ್ಕಿದ್ದುದು ಒಂದೇ ಸಿಲಿಂಡರ್. ನಮ್ಮ ಲೆಕ್ಕದ ಪುಟ್ಟ ಅಂಬಾಸಿಡರ್ ಸಿಲಿಂಡರ್‌ಗಿಂತ ಅದು ಆರು ಪಟ್ಟು ದೊಡ್ಡದು. ಕುಡಿದದ್ದು ಪೆಟ್ರೋಲ್ ಅಲ್ಲ, ಮೆಥನಾಲ್ ಬೆರೆತ ವಿಶೇಷ ಇಂಧನ. ಕಿಡಿಯ ಪ್ಲಗ್ ಬದಲು ಸದಾ ಕೆಂಪಾಗಿರುವ ತಂತಿ. ನೋಡುವುದಕ್ಕೂ ಅದು ಯಾವ ಕಾರಿನ ಎಂಜಿನ್ನಿನ ಹಾಗೂ ಇರಲಿಲ್ಲ.

ಮತ್ತೆ ವಿಡಿಯೊದಲ್ಲಿ ತಿರುಗುತ್ತದಲ್ಲ?

ತಿರುಗುವುದು ನಿಜ. ಆದರೆ ಎಂಜಿನ್ ತಾನಾಗಿ ತಿರುಗುತ್ತಿದೆಯೋ, ಬೇರೆ ಯಾವುದೋ ಅದನ್ನು ತಿರುಗಿಸುತ್ತಿದೆಯೋ ನೋಡಬೇಕು. ಪ್ಲಾಸ್ಟಿಕ್ಕಿನ ಪಾರದರ್ಶಕ ಎಂಜಿನ್ ಕಿಟ್‌ಗಳಲ್ಲಿ ಕೆಳಗೆ ಒಂದು ಸಣ್ಣ ಬ್ಯಾಟರಿ ಮೋಟರ್ ಇರುತ್ತದೆ. ಅದು ಕ್ರ್ಯಾಂಕನ್ನು ತಿರುಗಿಸುತ್ತದೆ, ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ, ಕಿಡಿಯ ಜಾಗದಲ್ಲಿ ಎಲ್‌ಇಡಿ ಮಿನುಗುತ್ತದೆ. ಮಕ್ಕಳಿಗೆ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸುವುದಕ್ಕೆ ಒಳ್ಳೆಯ ವಸ್ತು. ಅದನ್ನು ‘ಓಡುವ ಎಂಜಿನ್’ ಎನ್ನುವುದು ಫ್ಯಾನಿಗೆ ಗಾಳಿಯಂತ್ರ ಎಂದ ಹಾಗೆ.

ಇನ್ನೊಂದು ಬಗೆ ಇದೆ, ಅದಕ್ಕೆ ಕೈ ಮುಗಿಯಬೇಕು. ಸ್ಪೇನ್‌ನ ಕುಶಲಕರ್ಮಿಯೊಬ್ಬರು ಕೈಯಿಂದಲೇ ಮಾಡಿದ 12 ಸಿಲಿಂಡರ್‌ಗಳ, ಒಟ್ಟು 12 ಸಿಸಿಯ ಎಂಜಿನ್ನಿನ ವಿಡಿಯೊ ‘ಜಗತ್ತಿನ ಅತಿ ಚಿಕ್ಕ ವಿ12’ ಎಂಬ ಹೆಸರಿನಲ್ಲಿ ವರ್ಷಗಳಿಂದ ಓಡಾಡುತ್ತಿದೆ. ಅದರ ಹಿಂದೆ 1,200ಕ್ಕೂ ಹೆಚ್ಚು ಗಂಟೆಗಳ ಕೆಲಸವಿದೆ. ಅದು ಓಡುವುದು ಇಂಧನದಿಂದ ಅಲ್ಲ, ಒತ್ತಿದ ಗಾಳಿಯಿಂದ. ಮಾಡಿದವರು ಇದನ್ನು ಮುಚ್ಚಿಟ್ಟಿಲ್ಲ. ಫಾರ್ವರ್ಡ್ ಆಗುತ್ತಾ ಆಗುತ್ತಾ ಆ ಮಾತು ಉದುರಿಹೋಗಿ ‘ಇಂಧನವೇ ಬೇಡದ ಎಂಜಿನ್’ ಆಗಿಬಿಡುತ್ತದೆ. ಗಾಳಿಯನ್ನು ಒತ್ತಲು ಕಂಪ್ರೆಸರ್ ಬೇಕು, ಕಂಪ್ರೆಸರ್‌ಗೆ ಕರೆಂಟ್ ಬೇಕು. ಪಂಚರ್ ಅಂಗಡಿಯವರನ್ನು ಕೇಳಿದರೆ ತಿಂಗಳ ಬಿಲ್ ತೋರಿಸುತ್ತಾರೆ.

ಇಂಥ ವಿಡಿಯೊ ಬಂದರೆ ಚೌಕಟ್ಟಿನ ಅಂಚು ನೋಡಿ. ಎಲ್ಲಿಂದಲೋ ಒಂದು ತೆಳ್ಳನೆಯ ಪೈಪ್ ಬಂದಿರುತ್ತದೆ. ಇಲ್ಲವೇ ಕೆಳಗಿನ ಪೀಠ ಅಗತ್ಯಕ್ಕಿಂತ ದಪ್ಪವಾಗಿರುತ್ತದೆ.

ಓಡುವುದು ಬೇಡ, ನೋಡುವುದಕ್ಕೆ ಸರಿ ಇದೆಯೇ?

ಇದು ಬೇರೆಯೇ ಪ್ರಶ್ನೆ. ನನಗೆ ಹೆಚ್ಚು ಇಷ್ಟವಾದ ಪ್ರಶ್ನೆಯೂ ಇದೇ.

ಕಾರ್ಖಾನೆಯಿಂದ ಬರುವ ಮಾದರಿಗಳಲ್ಲಿ ಎಂಜಿನ್ ತಪ್ಪಾಗಿರುವುದಕ್ಕೆ ಮುಖ್ಯ ಕಾರಣ ಸೋಮಾರಿತನ ಅಲ್ಲ, ತಗಡಿನ ದಪ್ಪ. ನಿಜವಾದ ಕಾರಿನ ತಗಡು ಸುಮಾರು 1 ಮಿ.ಮೀ. ದಪ್ಪ. 1:24ರಲ್ಲಿ ಅದು 0.04 ಮಿ.ಮೀ. ಆಗಬೇಕು, ಮಾತ್ರೆಯ ಪಟ್ಟಿಯ ಹಿಂಬದಿಯ ಹಾಳೆಯಷ್ಟು ತೆಳು. ಅಷ್ಟು ತೆಳುವಾಗಿ ಲೋಹ ಎರಕ ಹೊಯ್ಯಲು ಆಗುವುದಿಲ್ಲ. ಎರಕದ ಮಾದರಿಯ ಗೋಡೆ 1 ಮಿ.ಮೀ. ಇದ್ದರೆ ಅದು ನಿಜವಾದ ಕಾರಿನಲ್ಲಿ 24 ಮಿ.ಮೀ. ದಪ್ಪದ ಬಾಗಿಲು, 24 ಮಿ.ಮೀ. ದಪ್ಪದ ಬಾನೆಟ್. ಗೋಡೆ ಒಳಗೆ ಸರಿದಷ್ಟೂ ಎಂಜಿನ್ನಿನ ಜಾಗ ಕಡಿಮೆಯಾಗುತ್ತದೆ. ಆದ್ದರಿಂದ ಎಂಜಿನ್ನನ್ನು ಸ್ವಲ್ಪ ಕುಗ್ಗಿಸುತ್ತಾರೆ, ಇಲ್ಲವೇ ಮೇಲಿನ ಅರ್ಧ ಮಾತ್ರ ಮಾಡಿ ಕೂರಿಸುತ್ತಾರೆ. ಅಚ್ಚಿನಿಂದ ಸಲೀಸಾಗಿ ಹೊರಬರಬೇಕಾದ್ದರಿಂದ ಪೈಪು, ಕೋಳವೆಗಳೆಲ್ಲ ಬ್ಲಾಕಿಗೇ ಅಂಟಿದಂತಿರುತ್ತವೆ, ನಡುವೆ ಸಂದು ಇರುವುದಿಲ್ಲ. 1:43ರ ಚಿಕ್ಕ ಮಾದರಿಗಳಲ್ಲಿ ಸಾಮಾನ್ಯವಾಗಿ ಬಾನೆಟ್ ತೆರೆಯುವುದೇ ಇಲ್ಲ. ಒಳ್ಳೆಯ ಹೆಸರಿನ ಪ್ಲಾಸ್ಟಿಕ್ ಕಿಟ್‌ಗಳಲ್ಲೂ ಹಲವು ಎಂಜಿನ್ ಇಲ್ಲದೆಯೇ ಬರುತ್ತವೆ.

‘ಭಾರ ಇದೆ, ಅದಕ್ಕೇ ಒರಿಜಿನಲ್’ ಎಂಬ ಮಾತಿಗೂ ಇದೇ ಲೆಕ್ಕ ಉತ್ತರ ಹೇಳುತ್ತದೆ. ಸುಮಾರು 1,100 ಕೆ.ಜಿ.ಯ ಅಂಬಾಸಿಡರ್ 13,824 ಪಟ್ಟು ಇಳಿದರೆ 80 ಗ್ರಾಂ. ಕೈಯಲ್ಲಿ ಹಿಡಿದ ಲೋಹದ ಮಾದರಿ ಅದಕ್ಕಿಂತ ಎಷ್ಟೋ ಭಾರ ಇರುತ್ತದೆ. ಭಾರ ಇದ್ದಷ್ಟೂ ಅದು ಅಳತೆಯಿಂದ ದೂರ.

ಯಾವ ಅಂಬಾಸಿಡರ್?

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಈ ಕಾರನ್ನು ಮಾಡಲು ತೊಡಗಿದ್ದು 1950ರ ದಶಕದ ಕೊನೆಯಲ್ಲಿ, ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನು ಆಧರಿಸಿ. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು. ಐವತ್ತಕ್ಕೂ ಹೆಚ್ಚು ವರ್ಷ ಹೊರಗಿನ ಮೈ ಹೆಚ್ಚು ಕಡಿಮೆ ಅದೇ. ಬಾನೆಟ್ ಕೆಳಗೆ ಮಾತ್ರ ಹಲವು ಸಂಸಾರ.

ಮೊದಲ ಗಾಡಿಗಳಲ್ಲಿದ್ದುದು ಸೈಡ್ ವಾಲ್ವ್ ಎಂಜಿನ್. ವಾಲ್ವ್‌ಗಳು ಬ್ಲಾಕಿನ ಪಕ್ಕದಲ್ಲೇ ಇರುವುದರಿಂದ ಅದರ ತಲೆ ಚಪ್ಪಟೆ, ಮೇಲೆ ಡಬ್ಬಿಯಂಥ ಕವರ್ ಇಲ್ಲ. 1959ರಲ್ಲಿ ಅದರ ಜಾಗಕ್ಕೆ ಬಂದದ್ದು ಬಿಎಂಸಿ ಬಿ-ಸೀರೀಸ್, 1489 ಸಿಸಿ. ಇದರ ವಾಲ್ವ್‌ಗಳು ಮೇಲೆ, ಅವುಗಳ ಮೇಲೆ ಉದ್ದನೆಯ ರಾಕರ್ ಕವರ್, ಅದನ್ನು ಹಿಡಿದಿಡುವ ಎರಡು ನಟ್. ನಾವು ‘ಅಂಬಾಸಿಡರ್ ಎಂಜಿನ್’ ಎಂದಾಗ ಹೆಚ್ಚಿನ ಮಿಸ್ತ್ರಿಗಳ ಕಣ್ಣಮುಂದೆ ಬರುವುದು ಇದೇ. 1980ರ ಹೊತ್ತಿಗೆ ಡೀಸೆಲ್ ಬಂತು, ಅದೂ 1489 ಸಿಸಿಯೇ. 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಪೆಟ್ರೋಲ್ ಎಂಜಿನ್ ಬಂತು, ಜೊತೆಗೆ ಐದು ಗೇರಿನ ಪೆಟ್ಟಿಗೆ. ಸ್ಟೀರಿಂಗ್ ಕೆಳಗಿದ್ದ ಗೇರ್ ಕೋಲು ಅದರಲ್ಲಿ ನೆಲಕ್ಕೆ ಇಳಿಯಿತು. ಹೊರಗಿನ ಮುಖವೂ ಬದಲಾಗುತ್ತಾ ಬಂತು, 1975ರಲ್ಲಿ ಮಾರ್ಕ್ 3, 1979ರಲ್ಲಿ ಮಾರ್ಕ್ 4. ಆದರೆ ಮುಖ ಬದಲಾದದ್ದೂ ಎಂಜಿನ್ ಬದಲಾದದ್ದೂ ಒಂದೇ ದಿನ ಅಲ್ಲ.

ಹಾಗಾಗಿ ಕೆಲವು ತಪ್ಪುಗಳನ್ನು ಯಾರು ಬೇಕಾದರೂ ಹಿಡಿಯಬಹುದು. 1958ರ ಗಾಡಿ ಎಂದು ಹೇಳಿ ರಾಕರ್ ಕವರ್ ತೋರಿಸಿದರೆ ತಪ್ಪು. ಗಾಡಿಯ ಹಿಂದೆ ‘ಡೀಸೆಲ್’ ಎಂದು ಬರೆದು ಒಳಗೆ ಪ್ಲಗ್ ವೈರು ಎಳೆದಿದ್ದರೆ ದೊಡ್ಡ ತಪ್ಪು. ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ, ಡಿಸ್ಟ್ರಿಬ್ಯೂಟರ್ ಇಲ್ಲ, ಕಪ್ಪು ವೈರುಗಳ ಬದಲು ಪಂಪಿನಿಂದ ಹೊರಟ ನಾಲ್ಕು ತೆಳ್ಳನೆಯ ಉಕ್ಕಿನ ಕೊಳವೆಗಳಿರಬೇಕು. ಬಾಡಿಗೆ ಓಡಿದ ಅಂಬಾಸಿಡರ್‌ಗಳಲ್ಲಿ ಡೀಸೆಲ್ ಬಹಳ ಸಾಮಾನ್ಯ. ಅದಕ್ಕೇ ಅಜ್ಜನ ಟ್ಯಾಕ್ಸಿಯ ನೆನಪಿಗೆಂದು ಮಾಡಿಸುವ ಮಾದರಿಗಳಲ್ಲಿ ಈ ತಪ್ಪು ಸುಲಭವಾಗಿ ನುಸುಳುತ್ತದೆ.

ಇನ್ನೊಂದು ತಪ್ಪು ಇಂಟರ್ನೆಟ್ಟಿನಿಂದಲೇ ಹುಟ್ಟುವಂಥದ್ದು. ಇದೇ 1489 ಸಿಸಿ ಎಂಜಿನ್ ಬ್ರಿಟನ್ನಿನ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಹುಡುಕಿದರೆ ಅದರ ಚಂದದ ಫೋಟೊಗಳು ನೂರಾರು ಸಿಗುತ್ತವೆ. ಅದನ್ನು ನೋಡಿ ಮಾಡಿದವರು ಎರಡು ಕಾರ್ಬ್ಯುರೇಟರ್ ಕೂರಿಸುತ್ತಾರೆ, ಏಕೆಂದರೆ ಎಂಜಿಎಗೆ ಎರಡಿದ್ದವು. ಅಂಬಾಸಿಡರ್‌ಗೆ ಒಂದೇ. ಎಂಜಿನ್ ಒಂದೇ ಆದರೂ ಗಾಡಿ ಬೇರೆ.

ಫಿಯೆಟ್ ಅಭಿಮಾನಿಗಳಿಗೂ ಒಂದು ಮಾತು. ಪ್ರೀಮಿಯರ್ ಪದ್ಮಿನಿಯ ಎಂಜಿನ್ 1089 ಸಿಸಿಯದು, ಅದರ ಬ್ಲಾಕಿನ ಆಕಾರವೇ ಬೇರೆ. ಒಂದು ಕಿಟ್‌ನ ಎಂಜಿನ್ ಎತ್ತಿ ಇನ್ನೊಂದರಲ್ಲಿ ಇಟ್ಟರೆ ಬಾನೆಟ್ ಮುಚ್ಚುತ್ತದೆ, ಆದರೆ ಹಳೆಯ ಮಿಸ್ತ್ರಿಯ ಬಾಯಿ ಮುಚ್ಚುವುದಿಲ್ಲ.

ವೈರು ಎಣಿಸಿ

ಮಾದರಿ ನೋಡುವಾಗ ನಾನು ಮೊದಲು ಮಾಡುವ ಕೆಲಸ ಇದು. ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಟೋಪಿಯಿಂದ ಹೊರಡುವ ದಪ್ಪ ವೈರು ಎಷ್ಟು? ಹಲವರು ನಾಲ್ಕು ಎನ್ನುತ್ತಾರೆ. ಸರಿ ಉತ್ತರ ಐದು. ನಾಲ್ಕು ಪ್ಲಗ್‌ಗಳಿಗೆ, ಟೋಪಿಯ ನಡುವಿನದು ಇಗ್ನಿಷನ್ ಕಾಯಿಲ್‌ಗೆ. ಐದನೆಯದಿಲ್ಲದ ಎಂಜಿನ್‌ಗೆ ಕಿಡಿಯೇ ಬರುವುದಿಲ್ಲ.

ಬಿ-ಸೀರೀಸ್‌ನ ಪ್ಲಗ್‌ಗಳೂ ಡಿಸ್ಟ್ರಿಬ್ಯೂಟರೂ ಬಲಗಡೆ, ಅಂದರೆ ಚಾಲಕನ ಬದಿಗೆ. ಕಾರ್ಬ್ಯುರೇಟರೂ ಹೊಗೆ ಹೊರಹೋಗುವ ಮ್ಯಾನಿಫೋಲ್ಡೂ ಎರಡೂ ಎಡಗಡೆಗೇ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ನೋಡಿ ಮಾಡಿದವರಿಗೆ ಇದು ಅದಲು ಬದಲಾಗುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಫೋಟೊ ನಂಬಿ ಕೆಲಸ ಮಾಡಬೇಡಿ.

ಕಿಡಿ ಹೊಡೆಯುವ ಸರದಿ 1-3-4-2. ರೇಡಿಯೇಟರ್ ಕಡೆಯದು ಒಂದನೇ ಸಿಲಿಂಡರ್. ಡಿಸ್ಟ್ರಿಬ್ಯೂಟರ್ ಟೋಪಿಯಲ್ಲಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಈ ಸರದಿಯಂತೆ ವೈರುಗಳು ಹೊರಡಬೇಕು. ನಿಜವಾದ ಗಾಡಿಯಲ್ಲಿ ಎರಡು ವೈರು ಅದಲು ಬದಲಾದರೆ ಅದು ಕೆಮ್ಮಿ, ಸೈಲೆನ್ಸರ್‌ನಲ್ಲಿ ಪಟಾಕಿ ಹೊಡೆದು ನಿಲ್ಲುತ್ತದೆ. ಮಾದರಿಯಲ್ಲಿ ಏನೂ ಆಗುವುದಿಲ್ಲ. ಆದರೂ ಸರಿಯಾಗಿ ಎಳೆಯುವುದಕ್ಕೆ ಖರ್ಚು ಹೆಚ್ಚಿಲ್ಲ.

ವೈರಿನ ದಪ್ಪ ಇನ್ನೂ ಮುಖ್ಯ. ಪ್ಲಗ್ ವೈರು ಸಾಮಾನ್ಯವಾಗಿ 7 ಮಿ.ಮೀ., 24ರಿಂದ ಭಾಗಿಸಿದರೆ 0.29 ಮಿ.ಮೀ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ವಿದ್ಯುತ್ ವೈರನ್ನು ಹಾಕಿದರೆ ಎಂಜಿನ್ ಮೇಲೆ ಕೇರೆಹಾವು ಮಲಗಿದಂತೆ ಕಾಣುತ್ತದೆ. 0.29 ಮಿ.ಮೀ. ಎಲ್ಲಿ ಸಿಗುತ್ತದೆ? ಪಂಪ್‌ಸೆಟ್ ಊರುಗಳಲ್ಲಿ ಇದಕ್ಕೆ ಆನ್‌ಲೈನ್ ಆರ್ಡರ್ ಮಾಡಬೇಕಿಲ್ಲ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ 31 ಗೇಜಿನ ಎನಾಮಲ್ ತಾಮ್ರದ ತಂತಿ ಕೇಳಿ, ಅದು 0.295 ಮಿ.ಮೀ. ಬ್ರೇಕಿನ ಸಣ್ಣ ಕೊಳವೆಗೆ 36 ಗೇಜ್, ಸುಮಾರು 0.19 ಮಿ.ಮೀ. ಮೋಟರ್ ಬಿಚ್ಚುವಾಗ ಉಳಿದ ತುಣುಕೇ ಹತ್ತು ಎಂಜಿನ್‌ಗೆ ಸಾಕು.

ನೂಲನ್ನೂ ಬಳಸಬಹುದು. ರಬಕವಿ-ಬನಹಟ್ಟಿಯವರಿಗೆ ನೂಲಿನ ಕೌಂಟ್ ಬಗ್ಗೆ ಪಾಠ ಹೇಳಬೇಕಿಲ್ಲ, ಕೌಂಟ್ ಹೆಚ್ಚಿದಷ್ಟೂ ನೂಲು ತೆಳು. ಜವಳಿ ಪಠ್ಯಗಳ ಒಂದು ಅಂದಾಜು ಸೂತ್ರದ ಪ್ರಕಾರ ಹತ್ತಿ ನೂಲಿನ ಒಂಟಿ 20 ಕೌಂಟ್ ಸುಮಾರು 0.2 ಮಿ.ಮೀ., 40 ಕೌಂಟ್ 0.14 ಮಿ.ಮೀ. ಎರಡೆಳೆಯ 20 ಕೌಂಟ್, ಅಂದರೆ 2/20, ಹತ್ತಿರ ಹತ್ತಿರ 0.29 ಮಿ.ಮೀ. ಪ್ಲಗ್ ವೈರಿಗೆ ಹೇಳಿ ಮಾಡಿಸಿದ ಅಳತೆ. ತೊಂದರೆ ಒಂದೇ, ಹತ್ತಿಯ ಜುಂಗು. ನೂಲಿನಿಂದ 0.1 ಮಿ.ಮೀ. ಎದ್ದ ಎಳೆ ನಿಜವಾದ ಕಾರಿನಲ್ಲಿ 2.4 ಮಿ.ಮೀ. ಉದ್ದದ ಕೂದಲು. ಮೇಣದಲ್ಲಿ ಎಳೆದು ನಯ ಮಾಡಿಕೊಂಡು ಆಮೇಲೆ ಕಪ್ಪು ಬಣ್ಣ ಕೊಡಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ತಾಮ್ರವೇ ವಾಸಿ. ತಾಮ್ರ ಬಗ್ಗಿಸಿದ ಹಾಗೆ ನಿಲ್ಲುತ್ತದೆ, ನೂಲು ನಿಲ್ಲುವುದಿಲ್ಲ.

ಬಣ್ಣ, ಧೂಳು, ಎಣ್ಣೆ

ಬಣ್ಣಕ್ಕೂ ದಪ್ಪ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಒಂದು ಲೇಪ 0.05 ಮಿ.ಮೀ. ಆದರೆ ಅದು ನಿಜವಾದ ಎಂಜಿನ್ ಮೇಲೆ 1.2 ಮಿ.ಮೀ. ದಪ್ಪದ ಬಣ್ಣ. ಬ್ರಷ್‌ನಲ್ಲಿ ಎರಡು ಮೂರು ಸಲ ಬಳಿದರೆ ನಟ್, ಬೋಲ್ಟ್‌ಗಳೆಲ್ಲ ಮುಳುಗಿಹೋಗುತ್ತವೆ. ತೆಳುವಾಗಿ ಸಿಂಪಡಿಸಿದ್ದೇ ಸರಿ. ಮಾರಾಟದ ವಿಡಿಯೊಗಳಲ್ಲಿ ಎಂಜಿನ್ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಅದು ಹೊಳಪು ಲೇಪದ ಪ್ಲಾಸ್ಟಿಕ್. ಎರಕದ ಕಬ್ಬಿಣದ ಬ್ಲಾಕ್ ಹಾಗೆ ಹೊಳೆಯುವುದಿಲ್ಲ.

ನಿಮ್ಮ ಗಾಡಿಯ ಎಂಜಿನ್ನಿನ ಮೂಲ ಬಣ್ಣ ತಿಳಿಯಬೇಕೆ? ಮೇಲ್ಭಾಗ ನೋಡಬೇಡಿ, ಅಲ್ಲಿ ಹತ್ತು ಬಾರಿ ಬಣ್ಣ ಬಿದ್ದಿರುತ್ತದೆ. ಯಾವುದಾದರೂ ಬ್ರಾಕೆಟ್ ಬಿಚ್ಚಿದಾಗ ಅದರ ಅಡಿಯಲ್ಲಿ ಉಳಿದ ಬಣ್ಣ ನೋಡಿ, ಅದೇ ಸಾಕ್ಷಿ.

ಹಳೆಯದಾಗಿ ಕಾಣಿಸಲು ಮಾದರಿಯ ಮೇಲೆ ತುಕ್ಕಿನ ಕೆಂಪು ಪುಡಿ ಉದುರಿಸುವುದು ಒಂದು ಫ್ಯಾಷನ್. ಕೃಷ್ಣೆ, ಘಟಪ್ರಭೆಯ ದಂಡೆಯ ನಮ್ಮ ಊರುಗಳು ಹೆಚ್ಚಾಗಿ ಎರೆಮಣ್ಣಿನವು. ಇಲ್ಲಿ ಓಡಿದ ಗಾಡಿಯ ಎಂಜಿನ್ ಮೇಲೆ ಕೂರುವುದು ಬೂದು ಕಪ್ಪು ಧೂಳು, ಅದು ಎಣ್ಣೆ ಜಿನುಗಿದಲ್ಲಿ ಕಟ್ಟಿ ಗಟ್ಟಿಯಾಗುತ್ತದೆ. ಎಣ್ಣೆ ಜಿನುಗುವುದು ಎಲ್ಲೆಂದರಲ್ಲಿ ಅಲ್ಲ, ರಾಕರ್ ಕವರ್ ಕೂರುವ ಗ್ಯಾಸ್ಕೆಟ್ ಅಂಚಿನಿಂದ ಕೆಳಗೆ. ನಿಜವಾದ ಧೂಳನ್ನೇ ತಂದು ಉದುರಿಸಬೇಡಿ. 0.05 ಮಿ.ಮೀ.ನ ಕಣ 1:24ರಲ್ಲಿ 1 ಮಿ.ಮೀ.ಗಿಂತ ದೊಡ್ಡ ಹರಳಾಗಿ ಕಾಣುತ್ತದೆ. ಬಣ್ಣದಲ್ಲೇ ಆ ಛಾಯೆ ತರಬೇಕು.

ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡುತ್ತಾರಲ್ಲ. ಅದರ ಕಾಲಿನ ಅಳತೆ ಯಾರೂ ನೋಡುವುದಿಲ್ಲ, ಆದರೆ ಕೋಡು ಬಾಗಿರುವ ರೀತಿ, ಹೆಗಲಿನ ಇಣಿ ತಪ್ಪಿದರೆ ಮನೆಯ ಹಿರಿಯರು ಕೂಡಲೇ ಹೇಳುತ್ತಾರೆ. ಎತ್ತನ್ನು ಬಲ್ಲವರ ಕಣ್ಣು ಎಲ್ಲಿ ಹೋಗುತ್ತದೋ ಅಲ್ಲಿ ಸರಿ ಇರಬೇಕು. ಎಂಜಿನ್‌ಗೂ ಅಷ್ಟೇ. ಫ್ಯಾನಿನ ರೆಕ್ಕೆ ತೆಳ್ಳಗಿರಬೇಕು (ತಂಪು ಪಾನೀಯದ ಡಬ್ಬಿಯ ತಗಡು ಸುಮಾರು 0.1 ಮಿ.ಮೀ., ಕತ್ತರಿಸಿಕೊಂಡರೆ ಸಾಕು), ವೈರು ಐದಿರಬೇಕು, ಬದಿ ಅದಲು ಬದಲಾಗಬಾರದು, ಬೆಲ್ಟ್ ನಿಜವಾಗಿ ಮೂರು ಪುಲ್ಲಿಗಳನ್ನು ಸುತ್ತಿರಬೇಕು. ಇಷ್ಟಿದ್ದರೆ ಉಳಿದ ಸಣ್ಣಪುಟ್ಟದ್ದು ಬಿಟ್ಟರೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಎಂಜಿನ್ ಬದಲಾಯಿಸಿದ ಗಾಡಿಯಾದರೆ?

ಇಲ್ಲೇ ಅಸಲಿ ಇಕ್ಕಟ್ಟು. ಪೆಟ್ರೋಲ್ ದುಬಾರಿಯಾದಾಗ ಹಳೆಯ ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿದವರು ಎಷ್ಟೋ ಜನ. ಅಂಥ ಗಾಡಿಯ ಮಾದರಿ ಮಾಡುವಾಗ ಕಾರ್ಖಾನೆಯಿಂದ ಬಂದ ಎಂಜಿನ್ ತೋರಿಸಬೇಕೋ, ಮನೆಯವರು ನೆನಪಿಟ್ಟುಕೊಂಡ ಎಂಜಿನ್ ತೋರಿಸಬೇಕೋ? ಎರಡೂ ಸರಿಯೇ. ಪೀಠದ ಮೇಲೆ ವರ್ಷ ಬರೆಯಬೇಕು ಅಷ್ಟೆ. ‘1972ರಲ್ಲಿ ಕೊಂಡಾಗ ಇದ್ದಂತೆ’ ಎಂಬುದು ಒಂದು ಮಾತು, ‘1994ರಲ್ಲಿ ಓಡುತ್ತಿದ್ದಂತೆ’ ಎಂಬುದು ಇನ್ನೊಂದು. ವರ್ಷವಿಲ್ಲದೆ ‘ಪಕ್ಕಾ ಒರಿಜಿನಲ್’ ಎಂದರೆ ಅದಕ್ಕೆ ಅರ್ಥವೇ ಇಲ್ಲ.

ನಂಬರ್ ಪ್ಲೇಟ್ ಕೂಡ ವರ್ಷವನ್ನು ಬಿಟ್ಟುಕೊಡುತ್ತದೆ. ಕೆಎ-48 ಜಮಖಂಡಿಯದು ಎಂಬ ಅಭಿಮಾನದಿಂದ 1965ರ ಮಾದರಿಗೂ ಅದನ್ನೇ ಬರೆಯುತ್ತಾರೆ. ಆಗ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಗುವವರೆಗೆ ಈ ಊರುಗಳೆಲ್ಲ ವಿಜಾಪುರ ಜಿಲ್ಲೆಯಲ್ಲಿದ್ದವು.

ನಿಜವಾದ ಗಾಡಿಗೆ ಯಾವ ಎಂಜಿನ್ ಇತ್ತು ಎಂದು ತಿಳಿಯಲು ಮೊದಲು ಆರ್‌ಸಿ ನೋಡಿ. ಅದರಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ಇಂಧನ ಯಾವುದು ಎಂಬುದೆಲ್ಲ ಇರುತ್ತದೆ. ಬ್ಲಾಕಿನ ಮೇಲಿನ ನಂಬರ್ ಅದಕ್ಕೆ ಹೊಂದದಿದ್ದರೆ ನಡುವೆ ಎಂಜಿನ್ ಬದಲಾಗಿದೆ ಎಂದರ್ಥ. ಆದರೆ ಆ ಆರ್‌ಸಿಯ ಫೋಟೊವನ್ನು ‘ಇದು ಯಾವ ಮಾಡೆಲ್ ಹೇಳಿ’ ಎಂದು ಗುಂಪುಗಳಿಗೆ ಹಾಕಬೇಡಿ. ಮಾಲೀಕರ ಹೆಸರು, ವಿಳಾಸ, ಎರಡೂ ನಂಬರ್ ಒಂದೇ ಕಾಗದದಲ್ಲಿರುತ್ತವೆ. ಮೋಸಗಾರರಿಗೆ ಅಷ್ಟು ಸಾಕು.

ಎಂಜಿನ್ ಮೂಲದ್ದೇ ಎಂಬುದು ಹವ್ಯಾಸದ ಹಠ ಮಾತ್ರವೂ ಅಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ಖಾಸಗಿ ವಾಹನಗಳಿಗೆ ಇದು ಅನ್ವಯ. ನಂಬರ್‌ನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. 1970ರ ದಶಕದ ಆರಂಭದ ಅಂಬಾಸಿಡರ್‌ಗಳು ಈಗ ಈ ಗೆರೆ ದಾಟುತ್ತಿವೆ. ಹೊಲದ ಬದುವಿನಲ್ಲಿ, ಗ್ಯಾರೇಜಿನ ಹಿಂದೆ ನಿಂತ ಗಾಡಿಯನ್ನು ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ಕೇಳಿದಾಗ ಕೊಟ್ಟುಬಿಡುವ ಮೊದಲು ಎಂಜಿನ್ ನಂಬರ್ ಒಮ್ಮೆ ಹೋಲಿಸಿ ನೋಡುವುದು ನಷ್ಟವಲ್ಲ.

ಕೊಡಲೇಬೇಕಾದರೆ ಫೋಟೊ ತೆಗೆದಿಟ್ಟುಕೊಳ್ಳಿ. ಹೇಗೆಂಬುದೂ ಮುಖ್ಯ. ಮೊಬೈಲನ್ನು ಎಂಜಿನ್ ಹತ್ತಿರ ಒಯ್ದು ತೆಗೆದರೆ ಹತ್ತಿರದ ಭಾಗ ಉಬ್ಬಿ, ದೂರದ್ದು ಕುಗ್ಗಿ ಕಾಣುತ್ತದೆ, ಅಳತೆಗೆ ಅದು ಕೆಲಸಕ್ಕೆ ಬಾರದು. ಎರಡು ಹೆಜ್ಜೆ ಹಿಂದೆ ಸರಿದು 2 ಪಟ್ಟು ಝೂಮ್ ಹಾಕಿ. ಮೇಲಿನಿಂದ ನೇರವಾಗಿ ಒಂದು, ಎರಡೂ ಬದಿಯಿಂದ ಒಂದೊಂದು, ಮುಂದಿನಿಂದ ಒಂದು. ಪ್ರತಿ ಫೋಟೊದಲ್ಲೂ ಎಂಜಿನ್ ಮೇಲೆ ಹತ್ತು ರೂಪಾಯಿಯ ನಾಣ್ಯ ಇಡಿ. ಅದರ ವ್ಯಾಸ 27 ಮಿ.ಮೀ., ಉಳಿದ ಅಳತೆಗಳನ್ನೆಲ್ಲ ಅದರಿಂದಲೇ ತೆಗೆಯಬಹುದು. ಗಾಡಿ ಓಡಿಸಿದವರು ಇನ್ನೂ ಇದ್ದರೆ ಪಕ್ಕದಲ್ಲಿ ನಿಲ್ಲಿಸಿಕೊಂಡು, ಯಾವ ಭಾಗ ಯಾವಾಗ ಬದಲಾಯಿತು ಎಂದು ಕೇಳಿ ರೆಕಾರ್ಡ್ ಮಾಡಿ. ಸ್ವಂತ ಗಾಡಿ ಇಲ್ಲದವರು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ ಅಥವಾ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ದಲ್ಲಿ ಹಳೆಯ ಕಾರುಗಳನ್ನು ನೋಡಬಹುದು. ಬಾನೆಟ್ ಒಳಗೆ ನೋಡಬೇಕೆಂದರೆ ಮಾತ್ರ ಅನುಮತಿ ಕೇಳಬೇಕು.

ಫಾರ್ವರ್ಡ್ ಬಂದಾಗ ಒಂದು ನಿಮಿಷ

ಈಗ ಎಐ ಚಿತ್ರಗಳೂ ಸೇರಿಕೊಂಡಿವೆ. ಪುಟ್ಟ ಕಾರಿನ ಎಂಜಿನ್ ಎಂದು ಬರುವ ಚಿತ್ರವನ್ನು ದೊಡ್ಡದು ಮಾಡಿ ಯಾವುದಾದರೂ ಒಂದು ಪೈಪ್ ಆರಿಸಿಕೊಳ್ಳಿ, ಅದರ ಜಾಡು ಹಿಡಿದು ಹೋಗಿ. ನಿಜವಾದ ಪೈಪ್ ಎಲ್ಲಿಂದಲೋ ಹೊರಟು ಇನ್ನೆಲ್ಲಿಗೋ ಸೇರುತ್ತದೆ. ಎಐ ಪೈಪ್ ನಡುವೆ ಕರಗಿಹೋಗುತ್ತದೆ, ಇಲ್ಲವೇ ಹೊರಟಲ್ಲಿಗೇ ಬಂದು ಸೇರುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ಎಂದು ಹೇಳಿ ಏಳು ಪ್ಲಗ್ ತೋರಿಸುವುದೂ ಉಂಟು.

ಮಾರುವವರು ‘ಓಡುವ ಎಂಜಿನ್’ ಎಂದರೆ ಇಂಧನ ಯಾವುದು, ಸಿಸಿ ಎಷ್ಟು ಎಂದು ಕೇಳಿ. ‘ಪಕ್ಕಾ ನಕಲು’ ಎಂದರೆ ಯಾವ ವರ್ಷದ ಗಾಡಿ, ಪೆಟ್ರೋಲೋ ಡೀಸೆಲ್ಲೋ ಎಂದು ಕೇಳಿ, ಎರಡೂ ಬದಿಯ ಫೋಟೊ ಕಳಿಸಲು ಹೇಳಿ. ನಿಜವಾಗಿ ಮಾಡುವವರು ಈ ಪ್ರಶ್ನೆಗಳಿಗೆ ಕಾಯುತ್ತಿರುತ್ತಾರೆ, ಅರ್ಧ ಗಂಟೆ ಮಾತಾಡುತ್ತಾರೆ. ಉಳಿದವರು ‘ಸ್ಟಾಕ್ ಕಡಿಮೆ ಇದೆ, ಬೇಗ ಹಣ ಹಾಕಿ’ ಎನ್ನುತ್ತಾರೆ.